ಕೂಳೂರಿಗೆ ಟಿಕೆಟ್ ಕೊಟ್ಟ ಮೇಲೆ ಬಸ್ಸು ಕೂಳೂರಲ್ಲೇ ನಿಲ್ಲಲಿ

ಗೆ,
ವ್ಯವಸ್ಥಾಪಕರು,
ಮಂಗಳೂರು–ಉಡುಪಿ ಮಾರ್ಗದ ಬಸ್ ಕಂಪನಿ,
ಮಂಗಳೂರು.

ವಿಷಯ: ನಿಮ್ಮ ಬಸ್ಸುಗಳು ಕೂಳೂರು ಸ್ಟಾಪಿಗೆ ಬಾರದೆ ಫ್ಲೈಓವರ್ ಮೇಲೆ ಹೋಗುತ್ತಿರುವ ಬಗ್ಗೆ, ಮತ್ತು ಅದಕ್ಕೆ ನಿಮ್ಮ ಕಚೇರಿ ಕೊಟ್ಟ ಉತ್ತರದ ಬಗ್ಗೆ.

ಮಾನ್ಯರೇ,

ಉಡುಪಿಯಿಂದ ಬರುವ ನಿಮ್ಮ ಬಸ್ಸಿನಲ್ಲಿ ಕೂಳೂರಿಗೆ ಟಿಕೆಟ್ ಕೊಡುತ್ತಾರೆ. ಮಷಿನ್‌ನಿಂದ ಬರುವ ಚೀಟಿಯಲ್ಲಿ ಕೂಳೂರು ಅಂತಲೇ ಇರುತ್ತದೆ. ಆದರೆ ಬಸ್ಸು ಸರ್ವಿಸ್ ರಸ್ತೆಗೆ ಇಳಿಯುವುದೇ ಇಲ್ಲ. ಫ್ಲೈಓವರ್ ಹತ್ತುವ ಮೊದಲು ಹೆದ್ದಾರಿಯ ಅಂಚಿನಲ್ಲಿ ಸ್ವಲ್ಪ ನಿಧಾನವಾಗುತ್ತದೆ. 'ಕೂಳೂರು ಇಳಿಯುವವರು ಬೇಗ ಬೇಗ' ಅಂತ ಕಂಡಕ್ಟರ್ ಕೂಗುತ್ತಾರೆ. ಕೊನೆಯವರ ಕಾಲು ನೆಲಕ್ಕೆ ತಾಗುವಷ್ಟರಲ್ಲಿ 'ರೈಟ್ ಪೋಯಿ' ಕೇಳುತ್ತದೆ.

ಹಾಗೆ ಇಳಿದವರು ಅಲ್ಲಿಂದ ಜಂಕ್ಷನ್‌ವರೆಗೆ ಹೆದ್ದಾರಿ ಪಕ್ಕದಲ್ಲೇ ನಡೆಯಬೇಕು. ಪಣಂಬೂರು ಬಂದರಿನ ಲಾರಿಗಳು, ಗ್ಯಾಸ್ ಟ್ಯಾಂಕರ್‌ಗಳು ಮೈಗೆ ತಾಗಿಕೊಂಡೇ ಹೋದಂತೆ ಹೋಗುತ್ತವೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ನನ್ನ ಜೊತೆ ಒಬ್ಬರು ಅಜ್ಜಿ ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಕವರು. ಲಾರಿ ಹೋದ ಗಾಳಿಗೆ ಕೊಡೆ ಮಗುಚಿತು. ಅವರು ಕವರನ್ನು ಸೆರಗಿನೊಳಗೆ ಸೇರಿಸಿಕೊಂಡು, ಹುಲ್ಲು ಬೆಳೆದ ಇಳಿಜಾರಿನ ಕಡೆ ಒಂದು ಕಾಲಿಟ್ಟು ನಿಂತುಬಿಟ್ಟರು. ಮುಂದೆ ಹೆಜ್ಜೆ ಇಡಲು ಅವರಿಗೆ ಧೈರ್ಯ ಬರಲಿಲ್ಲ. ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ. ಒಬ್ಬರೇ ಇಳಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಹತ್ತುವವರ ಕಷ್ಟ ಇನ್ನೊಂದು ಥರ. ಕೆಳಗೆ ಸ್ಟಾಪಿನಲ್ಲಿ ನಿಂತವರು ತಲೆ ಎತ್ತಿ ನೋಡುವಾಗ ಬಸ್ಸು ಮೇಲೆ ಹೋಗಿಯಾಗಿರುತ್ತದೆ. ಕಾವೂರು ಕಡೆಯಿಂದ ಬಂದು ಇಲ್ಲಿ ಬಸ್ಸು ಬದಲಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಈ ವಿಷಯಕ್ಕೆ ನಿಮ್ಮ ಕಚೇರಿಗೆ ಬಂದಿದ್ದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಆದರೆ ಉತ್ತರ ಮಾತ್ರ ಹೀಗಿತ್ತು: ರಸ್ತೆ ಹೆದ್ದಾರಿಯವರದ್ದು, ತಂಗುದಾಣ ಪಾಲಿಕೆಯದ್ದು, ಸ್ಟಾಪ್ ಎಲ್ಲಿ ಅನ್ನುವುದು ಪೊಲೀಸರದ್ದು, ಟೈಮಿಂಗ್ ಆರ್‌ಟಿಒದ್ದು. ನಮ್ಮ ಕೈಯಲ್ಲಿ ಏನಿದೆ ಹೇಳಿ?

ನಿಮ್ಮ ಕೈಯಲ್ಲಿ ಏನಿದೆ ಅಂತ ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೆಲಸ ಹಲವರಲ್ಲಿ ಹಂಚಿಹೋಗಿದೆ ಅನ್ನುವ ನಿಮ್ಮ ಮಾತು ಸುಳ್ಳಲ್ಲ. ಹೆದ್ದಾರಿ 66 ರಾಷ್ಟ್ರೀಯ ಹೆದ್ದಾರಿ. ಅದರ ಜಾಗದಲ್ಲಿ ಒಂದು ತಂಗುದಾಣ ಕಟ್ಟಬೇಕಾದರೂ ಹೆದ್ದಾರಿಯವರ ಅನುಮತಿ ಬೇಕು. ಸುತ್ತಲಿನ ಊರು ಮಹಾನಗರಪಾಲಿಕೆಯದ್ದು. ವಾಹನ ಸಂಚಾರ ನೋಡಿಕೊಳ್ಳುವವರು ಟ್ರಾಫಿಕ್ ಪೊಲೀಸರು. ಬಸ್ಸಿಗೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಕಾರ್ಯದರ್ಶಿ ಆರ್‌ಟಿಒ. ಸಾಲದ್ದಕ್ಕೆ ನಿಮ್ಮ ಮಾರ್ಗ ಎರಡು ಜಿಲ್ಲೆಯಲ್ಲಿ ಹೋಗುತ್ತದೆ. 1997 ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಹಾಗಾಗಿ ಕೆಎ 19 ರ (ಮಂಗಳೂರು) ಕಡೆ ಒಂದು ಪ್ರಾಧಿಕಾರ, ಕೆಎ 20 ರ (ಉಡುಪಿ) ಕಡೆ ಇನ್ನೊಂದು. ಒಂದು ಕಡೆ ಕೊಟ್ಟ ಪರ್ಮಿಟ್‌ಗೆ ಇನ್ನೊಂದು ಕಡೆಯ ಮೇಲುಸಹಿ ಬೇಕಾಗುತ್ತದೆ. ಇಷ್ಟೆಲ್ಲ ಕಚೇರಿ ಅಲೆಯುವುದು ಕಷ್ಟ ಅಂತ ನನಗೂ ಗೊತ್ತು.

ಆದರೆ ಈ ಹಂಚಿಕೆಯಲ್ಲಿ ನಿಮ್ಮ ಪಾಲೂ ಒಂದಿದೆ. ಅದು ಸಣ್ಣದಲ್ಲ. ಮೋಟಾರು ವಾಹನ ಕಾಯ್ದೆ 1988 ರ ಸೆಕ್ಷನ್ 72 ತೆರೆದು ನೋಡಿ. ಪರ್ಮಿಟ್ ಕೊಡುವಾಗ ಯಾವ ಮಾರ್ಗ, ದಿನಕ್ಕೆ ಎಷ್ಟು ಟ್ರಿಪ್ ಅಂತ ಪ್ರಾಧಿಕಾರ ಷರತ್ತು ಹಾಕಬಹುದು. ನಗರದ ಮಿತಿಯೊಳಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಹತ್ತಿಸಬಾರದು, ಇಳಿಸಬಾರದು ಅಂತಲೂ ಹೇಳಬಹುದು. ಒಪ್ಪಿಗೆಯಾದ ವೇಳಾಪಟ್ಟಿಯನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ಹಾಕಬೇಕು ಅನ್ನುವ ಷರತ್ತೂ ಅದರಲ್ಲೇ ಬರುತ್ತದೆ. ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಸೆಕ್ಷನ್ 86 ರಲ್ಲಿದೆ. ಕೂಳೂರು ಪಾಲಿಕೆ ವ್ಯಾಪ್ತಿಯಲ್ಲಿದೆ ಅಲ್ವಾ? ನಿಮ್ಮ ಪರ್ಮಿಟ್‌ನಲ್ಲಿ ಕೂಳೂರಿನ ಬಗ್ಗೆ ಏನಿದೆ ಅಂತ ದಯವಿಟ್ಟು ನನಗೆ ತಿಳಿಸಿ. ಫ್ಲೈಓವರ್ ಮೇಲೆ ಹೋಗಲು ಒಪ್ಪಿಗೆ ಇದ್ದರೆ ಅದನ್ನೂ ತೋರಿಸಿ.

ನಾನು ಡ್ರೈವರ್, ಕಂಡಕ್ಟರ್‌ಗಳ ಮೇಲೆ ದೂರು ಕೊಡುತ್ತಿಲ್ಲ. ಅವರು ಯಾಕೆ ಕೆಳಗೆ ಇಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಿಂದೆ ಇನ್ನೊಂದು ಬಸ್ಸಿನ ಟೈಮಿಂಗ್ ಇರುತ್ತದೆ. ಮುಂದಿನ ಸ್ಟಾಪಿಗೆ ನಾಲ್ಕು ನಿಮಿಷ ತಡವಾಗಿ ಹೋದರೆ ಅಲ್ಲಿ ಜಗಳ. ಕಲೆಕ್ಷನ್ ಕಡಿಮೆಯಾದರೆ ಸಂಜೆ ನಿಮಗೆ ಲೆಕ್ಕ ಒಪ್ಪಿಸಬೇಕಾದವರೂ ಅವರೇ. ಸರ್ವಿಸ್ ರಸ್ತೆಗೆ ಇಳಿದರೆ ಟೈಮ್ ಹೋಗುತ್ತದೆ, ನಿಜ. ಹಾಗಾದರೆ ಓಟದ ಸಮಯ ಜಾಸ್ತಿ ಮಾಡಿಕೊಡಿ ಅಂತ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕಾದವರು ಯಾರು? ಡ್ರೈವರ್ ಹಾಕಲು ಆಗುವುದಿಲ್ಲ, ನಾನು ಹಾಕಲು ಆಗುವುದಿಲ್ಲ. ಪರ್ಮಿಟ್ ಇರುವವರು ನೀವು. ಆ ಪರ್ಮಿಟ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗುತ್ತದೆ. ಹಾಗೆ ಹೋಗುವಾಗಲಾದರೂ, ಹಳೆಯ ಎರಡು ಲೇನ್ ರಸ್ತೆಯ ಲೆಕ್ಕದ ಟೈಮಿಂಗ್ ಈಗಿನ ಫ್ಲೈಓವರ್, ಸರ್ವಿಸ್ ರಸ್ತೆ, ಸುತ್ತು ತಿರುವುಗಳಿಗೆ ಹೊಂದುತ್ತದೆಯೇ ಅಂತ ನೋಡಬೇಕಿತ್ತು. ಈ ಪತ್ರದ ಮುಖ್ಯ ದೂರು ಇದೇ. ಬೇರೆಯವರು ಮಾಡಬೇಕಾದದ್ದನ್ನು ನಿಮ್ಮ ಕಚೇರಿ ಸರಿಯಾಗಿ ಹೇಳಿತು. ತಾನು ಮಾಡಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಹಲವರು ಇದ್ದರೆ ಕೆಲಸ ನಡೆಯುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮೂರಿನ ರೈಲು ನೋಡಿ. ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ, ಉಡುಪಿಯ ಇಂದ್ರಾಳಿ ನಿಲ್ದಾಣವೂ ಅವರದ್ದೇ. ಸುಬ್ರಹ್ಮಣ್ಯದ ಕಡೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಒಂದೇ ಊರಿನ ಸುತ್ತ ಮೂರು ಆಡಳಿತ. ಇದರಿಂದ ನಮಗೆ ಕಷ್ಟ ಇಲ್ಲ ಅಂತಲ್ಲ, ಹೊಸ ರೈಲು ಕೇಳಬೇಕಾದರೆ ಯಾರನ್ನು ಕೇಳುವುದು ಅನ್ನುವ ಗೊಂದಲ ಇದ್ದೇ ಇದೆ. ಆದರೂ ಮಂಗಳೂರಿನಿಂದ ಹೊರಟ ರೈಲು ತೋಕೂರಿನಲ್ಲಿ ಜನರನ್ನು ಇಳಿಸಿ ಮುಂದಿನದ್ದು ನಮ್ಮದಲ್ಲ ಅನ್ನುವುದಿಲ್ಲ. ಗಡಿ ಎಲ್ಲಿ, ಅಲ್ಲಿಂದ ಮುಂದೆ ಯಾರ ಜವಾಬ್ದಾರಿ ಅಂತ ಮೊದಲೇ ಗೊತ್ತಾಗಿದೆ. ಟಿಕೆಟ್ ತೆಗೆದುಕೊಂಡವರು ಅದನ್ನೆಲ್ಲ ತಿಳಿದುಕೊಳ್ಳಬೇಕಾಗಿಲ್ಲ.

ರಸ್ತೆಗೆ ಅಂಥ ವ್ಯವಸ್ಥೆ ನಮ್ಮಲ್ಲಿ ಇನ್ನೂ ಬಂದಿಲ್ಲ. 2006 ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ ಎಲ್ಲ ಸಾರಿಗೆಯನ್ನೂ ಒಟ್ಟಿಗೆ ನೋಡುವ ಒಂದೇ ಪ್ರಾಧಿಕಾರ ಇರಲಿ ಅಂದಿತು. ಬೆಂಗಳೂರಿಗೆ ಅಂಥದ್ದೊಂದು 2022 ರ ಕಾಯ್ದೆಯಿಂದ ಬಂತು. 2011 ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆಯ ಜನಸಂಖ್ಯೆ ಐದು ಲಕ್ಷದ ಹತ್ತಿರ. ಹಾಗಾಗಿ ನಾವು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ 1962 ರ ಹೆದ್ದಾರಿ ಕಾಯ್ದೆಯಿಂದಲೇ 50,000 ಕ್ಕಿಂತ ಜಾಸ್ತಿ ಜನ ಇರುವ ನಗರ ಪ್ರದೇಶಗಳಲ್ಲಿ ರಾಜ್ಯ ಮತ್ತು ಸ್ಥಳೀಯ ಆಡಳಿತ ಸೇರಿ ಸಾರಿಗೆ ಯೋಜನೆ ಮಾಡಬೇಕು ಅಂತ ಇದೆ. ಅಲ್ಲಿನ ಈಗಿನ ನಿಯಮದ ಪ್ರಕಾರ ಆ ನಗರ ಪ್ರದೇಶದ ಸಾರಿಗೆ ಯೋಜನೆ ಮಾಡುವ ಸಂಸ್ಥೆ, ರಾಜ್ಯ ಸರ್ಕಾರ, ಬಸ್ಸು ರೈಲು ನಡೆಸುವವರು ಎಲ್ಲರೂ ಯಾರ ಜವಾಬ್ದಾರಿ ಏನು ಅಂತ ಒಪ್ಪಂದ ಬರೆದು ಇಡಬೇಕು. ಬಸ್ಸು ನಡೆಸುವವರನ್ನು ಅಲ್ಲಿ ಹೊರಗೆ ಕೂರಿಸಿಲ್ಲ. ಅವರೂ ಒಂದು ಕಕ್ಷಿ. ಇಲ್ಲಿ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಸ್ಟಾಪಿನ ಮಟ್ಟಿಗೆ ಹಾಗೆ ಬರೆದು ಇಡಲು ಯಾರ ಅಡ್ಡಿಯೂ ಇಲ್ಲ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಸರ್ಕಾರಿ ಬಸ್ಸು ಬಾರದ ಎಷ್ಟೋ ಮೂಲೆಗೆ ಬಸ್ಸು ತಂದವರು ಖಾಸಗಿಯವರೇ, ಅದಕ್ಕೆ ನಮಗೆ ಗೌರವ ಇದೆ. ಆದರೆ 2023 ರ ಜೂನ್ 11 ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಭಾಗದ ಹೆಂಗಸರಲ್ಲಿ ತುಂಬಾ ಜನ ಇವತ್ತಿಗೂ ದುಡ್ಡು ಕೊಟ್ಟೇ ಓಡಾಡುತ್ತಾರೆ. ಮೀನು ಮಾರುವವರು, ಅಂಗಡಿ ಕೆಲಸದವರು, ಆಸ್ಪತ್ರೆಗೆ ಹೋಗುವವರು, ಎಲ್ಲರೂ ನಿಮ್ಮ ಬಸ್ಸನ್ನೇ ನಂಬಿದ್ದಾರೆ. ದುಡ್ಡು ಕೊಟ್ಟವರನ್ನು ಹೇಳಿದ ಜಾಗದಲ್ಲಿ ಇಳಿಸುವುದು ದೊಡ್ಡ ಬೇಡಿಕೆ ಅಲ್ಲ.

ಹಾಗಾಗಿ ಮೊದಲನೆಯದಾಗಿ, ಕೂಳೂರಿಗೆ ಟಿಕೆಟ್ ಕೊಟ್ಟ ಎಲ್ಲ ಟ್ರಿಪ್‌ಗಳೂ ಸರ್ವಿಸ್ ರಸ್ತೆಗೆ ಇಳಿದು, ಜಂಕ್ಷನ್ ಹತ್ತಿರದ ಸ್ಟಾಪಿನಲ್ಲಿ ಪೂರ್ತಿ ನಿಲ್ಲಬೇಕು. ಇದಕ್ಕೆ ಯಾವ ಕಚೇರಿಯ ಒಪ್ಪಿಗೆಯೂ ಬೇಕಾಗಿಲ್ಲ, ನಾಳೆಯಿಂದಲೇ ಶುರುಮಾಡಬಹುದು. ಮೇಲಿನಿಂದಲೇ ಹೋಗುವ ಎಕ್ಸ್‌ಪ್ರೆಸ್ ಇದ್ದರೆ ಕೂಳೂರಿಗೆ ಟಿಕೆಟ್ ಕೊಡಬೇಡಿ, ಬೋರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ. ಜನ ಬೇರೆ ಬಸ್ಸು ಹತ್ತುತ್ತಾರೆ. ವೇಳಾಪಟ್ಟಿಯನ್ನು ಬಸ್ಸಿನಲ್ಲೂ ಸ್ಟಾಪಿನಲ್ಲೂ ಓದಲು ಬರುವ ಅಕ್ಷರದಲ್ಲಿ ಹಾಕಿ.

ಓಟದ ಸಮಯ ಸಾಲದಿದ್ದರೆ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಎಷ್ಟು ನಿಮಿಷ ಬೇಕು ಅಂತ ಲೆಕ್ಕ ಕೊಡಿ. ಬೇಕಾದರೆ ಇಲ್ಲಿಯ ಪ್ರಯಾಣಿಕರಿಂದ ಸಹಿ ಮಾಡಿಸಿ ಕೊಡಲು ನಾನು ತಯಾರಿದ್ದೇನೆ. ಪರ್ಮಿಟ್, ಟೈಮಿಂಗ್ ಕೆಲಸಕ್ಕೆ ಆ ಕಚೇರಿಗೆ ಹೋಗಿ ಬರುವವರು ನೀವು. ನಾವು ಹೊರಗಿನಿಂದ ಬರೆಯುವ ಅರ್ಜಿಗಿಂತ ನಿಮ್ಮ ಮಾತಿಗೆ ಅಲ್ಲಿ ತೂಕ ಜಾಸ್ತಿ. ಬಸ್ಸು ನಿಲ್ಲುವ ಜಾಗಗಳನ್ನು ಸ್ಥಳೀಯ ಆಡಳಿತದ ಜೊತೆ ಮಾತಾಡಿ ಗೊತ್ತುಮಾಡಲು ಅದೇ ಕಾಯ್ದೆಯ ಸೆಕ್ಷನ್ 117 ದಾರಿ ಕೊಡುತ್ತದೆ. ಅದನ್ನೂ ಅಲ್ಲಿ ಎತ್ತಿ.

ತಂಗುದಾಣ ನಿಮ್ಮ ಕೆಲಸ ಅಲ್ಲ, ಒಪ್ಪುತ್ತೇನೆ. ಆದರೆ ಹೆದ್ದಾರಿಯವರಿಗೂ ಪಾಲಿಕೆಗೂ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯುವುದು ನಿಮ್ಮಿಂದ ಆಗುತ್ತದೆ. ಇಲ್ಲಿ ನಮ್ಮ ಬಸ್ಸು ನಿಲ್ಲುತ್ತದೆ, ಮಳೆಗಾಲಕ್ಕೆ ಮೊದಲು ಒಂದು ಸೂರು ಬೇಕು ಅಂದರೆ ಸಾಕು. ಅದರ ಪ್ರತಿ ನನಗೂ ಕೊಡಿ, ಉಳಿದದ್ದರ ಹಿಂದೆ ನಾನು ಓಡಾಡುತ್ತೇನೆ.

ಕೂಳೂರಿನ ದೂರುಗಳಿಗೆ ನಿಮ್ಮ ಕಚೇರಿಯಲ್ಲಿ ಉತ್ತರ ಕೊಡುವವರು ಯಾರು ಅಂತ ಒಬ್ಬರ ಹೆಸರು, ಫೋನ್ ನಂಬರ್ ಬಸ್ಸಿನೊಳಗೆ ಹಾಕಿಸಿ.

ಉತ್ತರವನ್ನು ಬರವಣಿಗೆಯಲ್ಲೇ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಹದಿನೈದು ದಿನದೊಳಗೆ ಬಾರದಿದ್ದರೆ ಇದೇ ಪತ್ರವನ್ನು, ಟಿಕೆಟ್ ಚೀಟಿಗಳ ಸಮೇತ, ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಕೊಡುತ್ತೇನೆ. ಕೂಳೂರು ಅಂತ ಅಚ್ಚಾದ ಚೀಟಿಗಳ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ, ಅಸಲು ನನ್ನ ಹತ್ತಿರ ಇದೆ.

ಇತಿ,
ನಿಮ್ಮ ಬಸ್ಸಿನ ಖಾಯಂ ಪ್ರಯಾಣಿಕರಲ್ಲಿ ಒಬ್ಬರು,
ಕೂಳೂರು, ಮಂಗಳೂರು