ಯರಮರಸ್‌ಗೆ ವಿಮಾನ ಬರುವ ಮೊದಲು: ರಾಯಚೂರು ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಯರಮರಸ್ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ರನ್‌ವೇ ಎಷ್ಟುದ್ದ, ಬೆಂಗಳೂರಿಗೆ ಟಿಕೆಟ್ ಎಷ್ಟು ಅನ್ನುವುದೇ ಚರ್ಚೆ. ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ವಿಮಾನದ ಹೊಟ್ಟೆಯ ಕೆಳಗೇ ಅರ್ಧ ಆಯುಷ್ಯ ಕಳೆದವನು ನಾನು. ನನ್ನ ಚಿಂತೆ ಬೇರೆ: ಇಳಿದ ವಿಮಾನದ ಗಾಲಿಗಳನ್ನು ಇಲ್ಲಿ ನೋಡುವವರು ಯಾರು?

1991ರ ಜುಲೈ 11ರಂದು ಹಜ್ ಮುಗಿಸಿದ ನೈಜೀರಿಯಾದ ಯಾತ್ರಿಕರನ್ನು ಹೊತ್ತು ಜೆಡ್ಡಾದಿಂದ ಒಂದು ಡಿಸಿ-8 ವಿಮಾನ ಹೊರಟಿತು. ಟೈರುಗಳಲ್ಲಿ ಒತ್ತಡ ಕಡಿಮೆಯಿರುವುದು ಮೆಕ್ಯಾನಿಕ್‌ಗೆ ಮೊದಲೇ ಗೊತ್ತಿತ್ತು. ತುಂಬಿಸಲು ನೈಟ್ರೋಜನ್ ಹತ್ತಿರದಲ್ಲಿರಲಿಲ್ಲ, ತಡ ಮಾಡಲು ಮೇಲಿನವರು ಒಪ್ಪಲಿಲ್ಲ. ರನ್‌ವೇಯಲ್ಲಿ ಓಡುವಾಗ ಒಂದರ ಭಾರ ಪಕ್ಕದ ಟೈರಿನ ಮೇಲೆ ಬಿದ್ದು ಎರಡೂ ಹೋದವು. ಗಾಲಿ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಹಾರಿದ ಮೇಲೆ, ಏನೂ ತಿಳಿಯದ ಪೈಲಟ್‌ಗಳು ಅದೇ ಉರಿಯುವ ಗಾಲಿಯನ್ನು ಒಳಗೆ ಮಡಚಿಕೊಂಡರು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಮ್ಮಂಥ ಊರಿಗೆ ಬರುವುದು ದಿನಕ್ಕೆ ನಾಲ್ಕಾರು ಕಡೆ ಇಳಿದು ಏಳುವ ಸಣ್ಣ ವಿಮಾನ. ಲ್ಯಾಂಡಿಂಗ್ ಗೇರಿನ, ಅಂದರೆ ಗಾಲಿ ಮತ್ತು ಅದನ್ನು ಹೊತ್ತ ಕಾಲಿನ ಆಯುಷ್ಯ ಹಾರಿದ ದೂರದ ಲೆಕ್ಕವಲ್ಲ. ಎಷ್ಟು ಸಲ ನೆಲ ಮುಟ್ಟಿತು, ಎಷ್ಟು ವರ್ಷವಾಯಿತು ಎಂಬ ಲೆಕ್ಕ. ಲಾಂಗ್ ರೂಟ್ ಬಸ್ಸಿಗಿಂತ ಸಿಟಿ ಬಸ್ಸಿನ ಬ್ರೇಕ್ ಬೇಗ ಸವೆಯುವಂತೆ ಇವುಗಳ ಗೇರೂ ಬೇಗ ದಣಿಯುತ್ತದೆ.

ಗಾಲಿಯ ಮೇಲಿನ ಕಾಲಿನಲ್ಲಿ ಹೊಳೆಯುವ ಕ್ರೋಮ್ ಪಿಸ್ಟನ್ ಒಂದಿಷ್ಟು ಹೊರಗೆ ಕಾಣುತ್ತದೆ. ಅದಕ್ಕೆ ಅಂಟಿದ ಧೂಳು ಒಳಗೆ ಹೋದರೆ ಸೀಲ್ ಗೀರುತ್ತದೆ, ಎಣ್ಣೆ ಸೋರುತ್ತದೆ, ಕಾಲು ಕುಸಿಯುತ್ತದೆ. ಹೈಡ್ರಾಲಿಕ್ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಬೇಕು, ಎಷ್ಟು ಹೊರಗಿದೆ ಎಂದು ನೋಡಬೇಕು. ಯರಮರಸ್‌ನಲ್ಲೇ ಶಾಖೋತ್ಪನ್ನ ಕೇಂದ್ರವಿದೆ. ಬೇಸಿಗೆಯ ಗಾಳಿಗೆ ಹಾರುಬೂದಿ ಎಲ್ಲೆಲ್ಲಿ ಹೊಕ್ಕುತ್ತದೆ ಎಂದು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಒರೆಸಿದರೆ ಎಲ್ಲವೂ ಕಾಣುವುದಿಲ್ಲ, ನಿಜ. 2007ರ ಸೆಪ್ಟೆಂಬರ್‌ನಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ವಿಮಾನ ಕಂಪನಿಯ ಎರಡು ಡ್ಯಾಶ್-8 ವಿಮಾನಗಳ ಬಲಗಡೆ ಗೇರ್ ಮೂರೇ ದಿನಗಳ ಅಂತರದಲ್ಲಿ ಇಳಿಯುವಾಗ ಕುಸಿಯಿತು. ಗೇರನ್ನು ಮಡಚಿ ಬಿಚ್ಚುವ ಆಕ್ಟುಯೇಟರ್ ಒಳಗಿನ ಥ್ರೆಡ್ (ತಿರುಪಿನ ಎಳೆ) ತುಕ್ಕು ಹಿಡಿದಿತ್ತು. ಅಂಥದ್ದು ಬಿಚ್ಚಿ ನೋಡುವ ದೊಡ್ಡ ವರ್ಕ್‌ಶಾಪಿನ ಕೆಲಸ, ಅದನ್ನು ರಾಯಚೂರಿನಲ್ಲಿ ಕೇಳುತ್ತಿಲ್ಲ. ಕೇಳುವುದು ಇಷ್ಟು: ಫೋನ್ ಮಾಡಿದಾಗ ಹೈದರಾಬಾದಿನಿಂದ ಬರುವವರಲ್ಲ, ಇಲ್ಲೇ ಇರುವ ಲೈಸೆನ್ಸ್ ಪಡೆದ ಎಂಜಿನಿಯರ್. ಅವರ ಕೈಗೆ ಸಿಗುವಂತೆ ನೈಟ್ರೋಜನ್, ಜಾಕ್, ಒಂದು ಜೊತೆ ಗಾಲಿ. ವಿಮಾನ ಕಂಪನಿಯ ಜೊತೆ ಒಪ್ಪಂದವಾಗುವಾಗಲೇ ಇದು ಬರಹದಲ್ಲಿರಲಿ.

ಇನ್ನೊಂದು ಕೋರಿಕೆ ನಿಮಗೇ. ದುರಸ್ತಿಯಾದ ವಿಮಾನ ಎಂಜಿನಿಯರ್ ಸಹಿ ಇಲ್ಲದೆ ಏಳುವಂತಿಲ್ಲ. ಸಣ್ಣ ಊರಿನಲ್ಲಿ ಆ ಸಹಿಯ ಮೇಲೆ ಎಂಥ ಒತ್ತಡ ಬೀಳುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. "ಸಾಹೇಬರು ಕಾಯಾಕತ್ತಾರ, ಸ್ವಲ್ಪ ನೋಡ್ರಿ" ಎಂಬ ಒಂದು ಫೋನ್ ಸಾಕು. ಆ ಫೋನ್ ನಿಮ್ಮಿಂದಾಗಲಿ ನಿಮ್ಮವರಿಂದಾಗಲಿ ಹೋಗುವುದಿಲ್ಲ ಎಂದು ಜಿಲ್ಲೆಯ ಜನರ ಮುಂದೆ ಹೇಳಿ. ಮೊದಲ ದಿನವೇ ಗಾಲಿ ಬದಲಿಸಲು ಎರಡು ತಾಸು ಬೇಕೆಂದರೆ, ಹಾರ-ತುರಾಯಿ ಪಕ್ಕಕ್ಕಿಟ್ಟು ನೀವೂ ನಮ್ಮ ಜೊತೆ ಕೂತು ಕಾಯಿರಿ.

ಇತಿ,
ರಾಯಚೂರಿನ ಒಬ್ಬ ಮತದಾರ