‘ಕೃಪೆ: ಅಂತರ್ಜಾಲ’ ಎಂದರೆ ಯಾರು? ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ನಾನು 11 ವರ್ಷಗಳಿಂದ ಅಂತರ್ಜಾಲದಲ್ಲಿ ಕನ್ನಡ ಲೇಖನಗಳನ್ನು ಬರೆಯುತ್ತಿದ್ದೇನೆ. ಅವು ನನ್ನ ಹೆಸರಿಲ್ಲದೆ ಬೇರೆಯವರ ಜಾಲತಾಣಗಳಲ್ಲಿ ಕಾಣಿಸಿಕೊಳ್ಳುವುದನ್ನೂ ಹೆಚ್ಚುಕಡಿಮೆ ಅಷ್ಟೇ ಕಾಲದಿಂದ ನೋಡುತ್ತಿದ್ದೇನೆ. ಹೋಗಲಿ, ಓದುವವರಿಗೆ ತಲುಪಿತಲ್ಲ ಎಂದು ಎಷ್ಟೋ ಸಲ ಸುಮ್ಮನಾದೆ. ಈ ಸಲ ಆಗಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ. ಅವರೊಂದಿಗೆ ಕಳೆದ ಎರಡು ವರ್ಷಗಳ ಬಗ್ಗೆ ಒಂದು ಲೇಖನ ಬರೆದೆ. ಅವರು ಮಲಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ಕುಳಿತು, ಮೂರು ವಾರ ಬರೆದ ಲೇಖನ ಅದು. ಒಂದು ಮಧ್ಯಾಹ್ನ ಅಮ್ಮ ನನ್ನ ಕೈ ಹಿಡಿದು, ‘ನಿಮ್ಮ ತಾಯಿ ಕಾಯುತ್ತಿರುತ್ತಾರೆ, ಕತ್ತಲಾಗುವುದರೊಳಗೆ ಮನೆಗೆ ಹೊರಡಿ’ ಎಂದರು. ಹುಟ್ಟಿದಂದಿನಿಂದ ನನ್ನನ್ನು ‘ನೀನು’ ಎಂದವರು ಅಂದು ‘ನೀವು’ ಎಂದಿದ್ದರು. ಅದನ್ನು ಬರೆಯುವುದೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿ, ಕೊನೆಗೆ ಬರೆದೆ.

ಪ್ರಕಟಿಸಿದ ಮರುದಿನವೇ ಒಂದು ಸುದ್ದಿ ಜಾಲತಾಣ ಇಡೀ ಲೇಖನವನ್ನು ಎತ್ತಿ ಹಾಕಿಕೊಂಡಿತು. ಶೀರ್ಷಿಕೆ ಬದಲಾಗಿತ್ತು: ‘ಈ ಮಗಳ ಕಥೆ ಓದಿದರೆ ಕಣ್ಣೀರು ನಿಲ್ಲುವುದಿಲ್ಲ’. ನನ್ನ ಹೆಸರಿದ್ದ ಜಾಗದಲ್ಲಿ ‘ಡೆಸ್ಕ್ ವರದಿ’ ಎಂದಿತ್ತು. ಒಳಗೆ ಒಂದಕ್ಷರವೂ ಬದಲಾಗಿರಲಿಲ್ಲ. ಅವಸರದಲ್ಲಿ ನಾನು ‘ಕೈಗಡಿಯಾರ’ ಎಂಬುದನ್ನು ‘ಕೈಗಡಿಯರ’ ಎಂದು ತಪ್ಪಾಗಿ ಬರೆದಿದ್ದೆ, ಮೂರನೆಯ ದಿನ ತಿದ್ದಿದೆ. ಅವರ ಪುಟದಲ್ಲಿ ಆ ತಪ್ಪು ಹಾಗೆಯೇ ಉಳಿದಿದೆ.

ಅಲ್ಲಿಂದ ಅದು ವಾಟ್ಸಾಪ್‌ಗೆ ಹೋಯಿತು. ಕೆಳಗೆ ‘ಕೃಪೆ: ಅಂತರ್ಜಾಲ’ ಎಂಬ ಸಾಲು ಸೇರಿತು. ನಮ್ಮ ಚಿಕ್ಕಮ್ಮ ನನಗೇ ಅದನ್ನು ಕಳುಹಿಸಿ, ‘ಓದು, ನಿಮ್ಮ ಮನೆಯ ಕಥೆಯೇ ಇದ್ದ ಹಾಗಿದೆ’ ಎಂದು ಬರೆದಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಈ ಸಲವೂ ನುಂಗಿಕೊಳ್ಳುತ್ತಿದ್ದೆ. ಆರೈಕೆಯ ಅನುಭವಗಳ ಸಂಕಲನವೊಂದಕ್ಕೆ ಇದೇ ಲೇಖನವನ್ನು ಕಳುಹಿಸಿದೆ. ಸಂಪಾದಕರಿಂದ ಉತ್ತರ ಬಂತು: ‘ಇದು ಬೇರೊಂದು ಜಾಲತಾಣದಲ್ಲಿ ಈಗಾಗಲೇ ಬಂದಿದೆ. ನಿಮ್ಮದೇ ಎನ್ನುವುದಕ್ಕೆ ದಾಖಲೆ ಇದ್ದರೆ ಕಳುಹಿಸಿ.’ ಅವರನ್ನು ದೂರುವುದಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ದಿನಾಂಕವಿರುವ ಕರಡುಗಳು, ಕೈಬರಹದ ಟಿಪ್ಪಣಿಗಳು, ಕೊನೆಗೆ ಅಮ್ಮನ ಆಸ್ಪತ್ರೆಯ ಚೀಟಿಗಳನ್ನೂ ಸ್ಕ್ಯಾನ್ ಮಾಡಿ ಕಳುಹಿಸಿದೆ. ನನ್ನ ತಾಯಿ ನನ್ನ ತಾಯಿಯೇ ಎಂದು ಅಪರಿಚಿತರೊಬ್ಬರಿಗೆ ಕಾಗದ ತೋರಿಸಿ ನಂಬಿಸಬೇಕಾಯಿತು, ಮಾನ್ಯರೇ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಾಡಬೇಕಾದುದನ್ನೆಲ್ಲ ಮಾಡಿದ್ದೇನೆ. ಲೇಖನದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಅದು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿದೆ. ಪ್ರತಿಯೊಂದು ಪುಟದ ಸ್ಕ್ರೀನ್‌ಶಾಟ್ ತೆಗೆದೆ. ಅವರು ನಾಳೆ ಅಳಿಸಿದರೂ ಸಾಕ್ಷಿ ಉಳಿಯಲಿ ಎಂದು ಜಾಲಪುಟಗಳ ಪ್ರತಿಯನ್ನು ದಿನಾಂಕದೊಂದಿಗೆ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಪುಟಗಳನ್ನು ಉಳಿಸಿದೆ. ಆ ಸುದ್ದಿ ಜಾಲತಾಣಕ್ಕೆ ಮೂರು ಮಿಂಚಂಚೆ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ‘ನಿಮಗೆ ಪ್ರಚಾರ ಸಿಕ್ಕಿತಲ್ಲ.’ ಹೆಸರನ್ನೇ ಕಿತ್ತುಹಾಕಿದ ಮೇಲೆ ಪ್ರಚಾರ ಸಿಗುವುದು ಯಾರಿಗೆ? ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದರು. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಸೆಕ್ಷನ್ 63ರ ಅಪರಾಧದಲ್ಲಿ, ಅಂದರೆ ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸಿದಾಗ, ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೇಳಿದೆ ಎಂದೆ. ‘ನಮಗೆ ಬೇರೆ ಕೆಲಸವಿದೆ ಅಮ್ಮ’ ಎಂಬ ಉತ್ತರ ಸಿಕ್ಕಿತು.

ಕಾಯ್ದೆಯನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 57 ಏನು ಹೇಳುತ್ತದೆ ಎಂಬುದು ನಿಮಗೆ ಗೊತ್ತು: ಹಕ್ಕನ್ನು ಮಾರಿಬಿಟ್ಟಿದ್ದರೂ ‘ಇದನ್ನು ಬರೆದವಳು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ನಾನಂತೂ ಏನನ್ನೂ ಮಾರಿಲ್ಲ. 2012ರ ತಿದ್ದುಪಡಿಯಲ್ಲಿ ಸೆಕ್ಷನ್ 65ಬಿ ಸೇರಿಸಿದವರು ನಿಮ್ಮ ಸದನದವರೇ. ಕೃತಿಯೊಂದಿಗಿರುವ ಲೇಖಕರ ಹೆಸರಿನಂತಹ ಮಾಹಿತಿಯನ್ನು ಗೊತ್ತಿದ್ದೂ ಅನುಮತಿಯಿಲ್ಲದೆ ತೆಗೆದುಹಾಕಿದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಎಂದು ಅದರಲ್ಲಿದೆ. ನನ್ನ ಹೆಸರು ಅಲ್ಲಿಂದ ತಾನಾಗಿ ಉದುರಿ ಬೀಳಲಿಲ್ಲ. ಯಾರೋ ಕುಳಿತು ಅದನ್ನು ಅಳಿಸಿ, ‘ಡೆಸ್ಕ್ ವರದಿ’ ಎಂದು ಟೈಪ್ ಮಾಡಿದ್ದಾರೆ.

ಅದೇ 2012ರ ತಿದ್ದುಪಡಿಯಲ್ಲೇ ನನ್ನನ್ನು ಕೆಡವಿದ ಇನ್ನೊಂದು ಮಾತೂ ಇದೆ. ಸೆಕ್ಷನ್ 52(1)(ಸಿ) ಮತ್ತು 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದ ಪ್ರಕಾರ ನಾನು ಮಧ್ಯವರ್ತಿ ಸಂಸ್ಥೆಗೆ, ಅಂದರೆ ಬೇರೆಯವರು ಹಾಕಿದ ಬರಹವನ್ನು ಇಟ್ಟುಕೊಳ್ಳುವ ಅಥವಾ ಅದರ ಕೊಂಡಿ ತೋರಿಸುವ ಸಂಸ್ಥೆಗೆ, ಲಿಖಿತ ದೂರು ಕೊಟ್ಟರೆ, ಅದು 36 ಗಂಟೆಗಳೊಳಗೆ ಆ ಪ್ರತಿಯನ್ನು ತಡೆಹಿಡಿಯಬೇಕು. ತಡೆಹಿಡಿಯುವುದು 21 ದಿನ ಮಾತ್ರ. ಅಷ್ಟರೊಳಗೆ ನಾನು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ನಾನು ದೂರು ಕೊಟ್ಟೆ. ಕೊಂಡಿ ಎರಡು ದಿನಗಳಲ್ಲಿ ಮಾಯವಾಯಿತು. 22ನೇ ದಿನ ಬೆಳಿಗ್ಗೆ ಮತ್ತೆ ಬಂದು ಕುಳಿತಿತ್ತು.

21 ದಿನಗಳಲ್ಲಿ ವಕೀಲರನ್ನು ಹುಡುಕಿ, ದಾವೆ ಹೂಡಿ, ಆದೇಶ ಪಡೆದು ತರಬೇಕು. ನಾನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಸೆಕ್ಷನ್ 62 ಅವಕಾಶ ಕೊಟ್ಟಿದೆ, ಅಷ್ಟು ಉಪಕಾರ ನಿಜ. ಆದರೆ ಅಷ್ಟು ಹೊತ್ತು ಅಮ್ಮನನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ? ಕದ್ದವರು ಈ 21 ದಿನಗಳಲ್ಲಿ ಮಾಡಬೇಕಾದುದು ಏನೂ ಇಲ್ಲ. ಸುಮ್ಮನೆ ಕಾದರೆ ಸಾಕು.

ಅಮೆರಿಕದ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆಯಲ್ಲಿ ಹೀಗಿಲ್ಲ. ಅಲ್ಲಿ ದೂರಿನ ಮೇಲೆ ತೆಗೆದ ಬರಹವನ್ನು ಮರಳಿ ಹಾಕಿಸಬೇಕಾದರೆ, ಹಾಕಿದವರೇ ಮುಂದೆ ಬಂದು ತಮ್ಮ ಹೆಸರು, ವಿಳಾಸ ಕೊಟ್ಟು, ಸುಳ್ಳಾದರೆ ಶಿಕ್ಷೆಗೆ ಒಳಗಾಗುವ ಹೇಳಿಕೆಗೆ ಸಹಿ ಹಾಕಬೇಕು. ದೂರು ಕೊಟ್ಟವರು ನ್ಯಾಯಾಲಯಕ್ಕೆ ಹೋಗಬೇಕಾದ ಗಡುವು ಶುರುವಾಗುವುದು ಅದಾದ ಮೇಲೆ. ನನ್ನ ಅಮ್ಮನ ಕಥೆಯ ಕೆಳಗೆ ‘ಇದು ನಮ್ಮದು’ ಎಂದು ಆ ಜಾಲತಾಣದವರು ಹೆಸರು ಹಾಕಿ ಸಹಿ ಮಾಡಲಿ, ನೋಡೋಣ. ಮಾಡುವುದಿಲ್ಲ. ಅಂತಹ ಸಹಿಯನ್ನು ನಮ್ಮ ಕಾಯ್ದೆ ಅವರಿಂದ ಕೇಳುವುದೇ ಇಲ್ಲ.

ನಾನು ಕೇಳುತ್ತಿರುವುದು ಇದನ್ನೇ. ಎದುರಿನವರು ಲಿಖಿತವಾಗಿ ಹಕ್ಕು ಸಾಧಿಸುವವರೆಗೆ ಬರೆದವರ ದೂರು ಊರ್ಜಿತವಾಗಿರಲಿ. 21 ದಿನಗಳ ಹೊರೆಯನ್ನು ನಮ್ಮ ತಲೆಯ ಮೇಲಿನಿಂದ ಇಳಿಸಿ.

ಲೇಖನಕ್ಕೆ ಬೀಗ ಹಾಕಿ, ನಕಲು ಮಾಡಲಾಗದಂತೆ ತಂತ್ರಾಂಶ ಅಳವಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಒಮ್ಮೆ ಹಾಕಿ ನೋಡಿದೆ. ಒಂದು ಸಾಲನ್ನು ಗುರುತು ಹಾಕಿಕೊಳ್ಳಲು ಬಯಸಿದ ಒಳ್ಳೆಯ ಓದುಗರಿಗೆ ತೊಂದರೆಯಾಯಿತು, ಕದಿಯುವವರು ಎಂದಿನಂತೆ ಕದ್ದರು. ತೆಗೆದುಹಾಕಿದೆ. ಬರಹವನ್ನು ಬಚ್ಚಿಡುವ ಆಸೆ ನನಗಿಲ್ಲ. ಆರೈಕೆದಾರರ ತರಬೇತಿಗೆ ಇದೇ ಲೇಖನ ಬೇಕೆಂದು ಒಬ್ಬ ದಾದಿ ಕೇಳಿದಾಗ ಅಂದೇ ಒಪ್ಪಿದೆ. ಅವರು ಹಂಚಿದ ಹಾಳೆಯಲ್ಲಿ ನನ್ನ ಹೆಸರಿತ್ತು. ಒಂದೆರಡು ಪ್ಯಾರಾ ಉದ್ಧರಿಸಿ, ಹೆಸರು ಹೇಳಿ, ಮೂಲದ ಕೊಂಡಿ ಕೊಡುವವರಿಗೆ ನಾನು ಕೃತಜ್ಞಳು. ‘ಕೃಪೆ: ಅಂತರ್ಜಾಲ’ ಎಂದು ಬರೆಯುವವರಿಗೆ ಅಲ್ಲ. ಅಂತರ್ಜಾಲಕ್ಕೆ ತಾಯಿಯಿಲ್ಲ, ಅದು ರಾತ್ರಿ ಎದ್ದು ಯಾರ ಹಾಸಿಗೆಯನ್ನೂ ಬದಲಾಯಿಸುವುದಿಲ್ಲ.

ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ, ಮಾನ್ಯರೇ. ಸೆಕ್ಷನ್ 65ಬಿ ಅಡಿ ಈವರೆಗೆ ಎಷ್ಟು ಪ್ರಕರಣಗಳು ದಾಖಲಾಗಿವೆ ಎಂದು ಸಚಿವರಿಂದ ಉತ್ತರ ಪಡೆಯಿರಿ. ಠಾಣೆಗಳಿಗೆ ಈ ಕಾಯ್ದೆಯ ಬಗ್ಗೆ ಸ್ಪಷ್ಟ ಸೂಚನೆ ಹೋಗಲಿ. 21 ದಿನಗಳ ನಿಯಮ ಬದಲಾಗಲಿ. ಮತ್ತೊಮ್ಮೆ ಕೇಳುತ್ತೇನೆ, 21 ದಿನಗಳ ನಿಯಮ ಬದಲಾಗಲಿ.

ಕರಡುಗಳು, ಸ್ಕ್ರೀನ್‌ಶಾಟ್‌ಗಳು, ದೂರಿನ ಪ್ರತಿಗಳು ಮತ್ತು ನನ್ನ ಹೆಸರು, ವಿಳಾಸವಿರುವ ಲಕೋಟೆಯನ್ನು ನಿಮ್ಮ ಕಚೇರಿಗೆ ತಲುಪಿಸಿದ್ದೇನೆ. ಇಂದು ಬೆಳಿಗ್ಗೆ ಅಮ್ಮ ಏಳುವ ಮೊದಲು ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದೆ. ‘ಕೈಗಡಿಯರ’ ಅಲ್ಲಿಯೇ ಇದೆ. ನನ್ನ ಹೆಸರು ಇಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಒಬ್ಬ ಲೇಖಕಿ