ಒಂದೇ ಮುಖದ ಐದು ಸೊಳ್ಳೆಗಳು

ಮಾನ್ಯರೇ,

ನಮ್ಮ ಹಳ್ಳಿಗಳ ಮಲೇರಿಯಾ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಒಂದೇ ಸೊಳ್ಳೆಯಲ್ಲ. ಎ, ಬಿ, ಸಿ, ಡಿ, ಇ ಎಂಬ 5 ಪ್ರಭೇದಗಳ ಗುಂಪು. ಬಿ ಬಹುಮಟ್ಟಿಗೆ ದನದ ರಕ್ತ ಹೀರುವ ದುರ್ಬಲ ವಾಹಕ. ರಾಮೇಶ್ವರಂ ದ್ವೀಪದಲ್ಲಿ ಮೊದಲು ಪತ್ತೆಯಾದ ಇ ಮನುಷ್ಯರನ್ನೇ ಅರಸುವ ಅಪಾಯಕಾರಿ. ಸೂಕ್ಷ್ಮದರ್ಶಕಕ್ಕೆ ಎರಡೂ ಒಂದೇ!

ಇವನ್ನು ಬೇರೆ ಬೇರೆಯಾಗಿ ಗುರುತಿಸುವ ವರ್ಣತಂತು ಪರೀಕ್ಷೆಗೆ ಅರೆಗರ್ಭದ (ಮೊಟ್ಟೆ ಅರ್ಧ ಬಲಿತ) ಹೆಣ್ಣೇ ಬೇಕು. ಡಿಎನ್‌ಎ ಪರೀಕ್ಷೆಗೆ ಗಂಡಾದರೂ ಸರಿ, ಮರಿಹುಳುವಾದರೂ ಸರಿ, ಒಣಗಿದ ಒಂದು ಕಾಲಾದರೂ ಸಾಕು. ಹೊಟ್ಟೆಯ ಭಾಗ ಬೇಡ: ಹೀರಿದ ರಕ್ತದ ಹೀಮ್ (ಕಬ್ಬಿಣವಿರುವ ಕೆಂಪು ಅಂಶ), ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಗೆ ಅಡ್ಡಿ. ಮದ್ಯಸಾರದಲ್ಲಿಟ್ಟಿದ್ದರೆ ಮೊದಲು ಪೂರ್ತಿ ಒಣಗಿಸಿಕೊಳ್ಳಬೇಕು. ಒಣಗಿಸಿ ಇಡುವುದಾದರೆ ಒಂದು ನಳಿಕೆಗೆ ಒಂದೇ ಸೊಳ್ಳೆ, ಕೆಳಗೆ ತೇವ ಹೀರುವ ಸಿಲಿಕಾ ಜೆಲ್, ನಡುವೆ ಹತ್ತಿ. ಒಟ್ಟಿಗೆ ತುಂಬಿದರೆ ಮುರಿದ ಕಾಲು ಯಾರದೆಂದು ತಿಳಿಯುವುದಿಲ್ಲ.

ರೈಬೋಸೋಮ್ ಡಿಎನ್‌ಎಯ ಡಿ3 ಎಂಬ ಭಾಗದ ಪಿಸಿಆರ್ ಎ-ಡಿ ಜೋಡಿಯನ್ನು ಬಿ-ಸಿ-ಇಗಳಿಂದ ಬೇರ್ಪಡಿಸುತ್ತದೆ, ಅಷ್ಟೇ. ಇಲ್ಲಿಗೇ ನಿಲ್ಲಿಸಿದರೆ ಸಾಧು ಬಿ, ಅಪಾಯದ ಇ ಒಂದೇ ಪಟ್ಟೆಯಲ್ಲಿ (ಪರೀಕ್ಷೆಯಲ್ಲಿ ಮೂಡುವ ಡಿಎನ್‌ಎ ಗೆರೆ) ಕೂರುತ್ತವೆ. ಅವನ್ನು ಬೇರ್ಪಡಿಸುವ, ಮೈಟೊಕಾಂಡ್ರಿಯದ ಸಿಒ-2 ಎಂಬ ಜೀನಿನ ಎರಡನೇ ಸುತ್ತು ಬಿಡುವಂತೆಯೇ ಇಲ್ಲ. ಪ್ರತಿ ಸುತ್ತಿನಲ್ಲೂ ಬರೀ ನೀರಿನ ಒಂದು ನಳಿಕೆ ಇರಲಿ. ಅದರಲ್ಲೂ ಪಟ್ಟೆ ಮೂಡಿದರೆ ಎಲ್ಲೋ ಬೇರೆ ಡಿಎನ್‌ಎ ಬೆರೆತಿದೆ ಎಂದರ್ಥ; ಆ ದಿನದ ಫಲಿತಾಂಶವೆಲ್ಲ ಕಸದ ಬುಟ್ಟಿಗೆ.

– ಕೀಟಶಾಸ್ತ್ರ ಪ್ರಯೋಗಾಲಯದ ತಂತ್ರಜ್ಞರು